ಗುಡ್ಡದ ಮೇಲಿನ ಗಾಳಿಮಾಪಕರಿಗೆ ತಗ್ಗಿನ ಪೇಟೆಯವರ ಅರಿಕೆ

ಮಾನ್ಯ ಗಾಳಿಮಾಪಕರೇ,

ಮೋಡಗುಂಡಿಯ ವ್ಯೂ ಪಾಯಿಂಟಿನಲ್ಲಿ ತಂತಿಬೇಲಿಯೊಳಗೆ, ಗಾಳಿ ಶುದ್ಧವಾಗಿದೆಯೆಂದು ಸಾರುವ ಹಸಿರು ದೀಪ ಬೆಳಗಿಸಿಕೊಂಡು ವಿರಾಜಮಾನರಾಗಿರುವ ತಮಗೆ, ಕೆಳಗಿನ ಪೇಟೆಯಲ್ಲಿ ಛತ್ರಿ ಅಂಗಡಿ ಇಟ್ಟುಕೊಂಡಿರುವ ಶಶಿಕಿರಣನು ಕೆಮ್ಮು ತಡೆದುಕೊಂಡು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಮ್ಮದು ಗುಡ್ಡದ ಮೇಲಿನ ಊರೆಂದು ಹೆಸರಾದರೂ ಪೇಟೆಯಿರುವುದು ಬಾಣಲೆಯಂಥ ತಗ್ಗಿನಲ್ಲಿ ಎಂಬುದು ಅಷ್ಟು ಎತ್ತರದಲ್ಲಿರುವ ತಮಗೆ ಕಾಣಿಸಿರಲಾರದು. ಚಳಿಗಾಲದಲ್ಲಿ ಸುತ್ತಲಿನ ಇಳಿಜಾರುಗಳಿಂದ ತಣ್ಣನೆಯ ಗಾಳಿ ಜಾರಿ ಬಂದು ಈ ಬಾಣಲೆಯ ತಳದಲ್ಲಿ ಕೂರುತ್ತದೆ, ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ ಕವುಚಿಕೊಳ್ಳುತ್ತದೆ. ಬಸ್ ನಿಲ್ದಾಣದ ಹಿಂದೆ ಪಟ್ಟಣ ಪಂಚಾಯಿತಿಯವರು ಸುಡುವ ಕಸದ ಹೊಗೆಯೂ ಪ್ರವಾಸಿಗರ ಜೀಪುಗಳ ಹೊಗೆಯೂ ಬಿಸಿಲೇರುವ ತನಕ ನಮ್ಮನ್ನು ಬಿಟ್ಟು ಕದಲುವುದಿಲ್ಲ. ಪ್ರವಾಸಿಗರು ಇದನ್ನೇ ಮಂಜೆಂದು ತಿಳಿದು ಸಂತೋಷದಿಂದ ಫೋಟೋ ತೆಗೆದುಕೊಳ್ಳುತ್ತಾರೆ.

ನನ್ನ ಹೆಂಡತಿ ದಿವ್ಯಾ ಇಲ್ಲಿನ ಶಾಲೆಯ ಸಂಗೀತ ಶಿಕ್ಷಕಿ. ಕಳೆದ ಡಿಸೆಂಬರಿನಲ್ಲಿ ಬೆಳಗಿನ ಪ್ರಾರ್ಥನೆ ಹೇಳಿಕೊಡುತ್ತಿದ್ದಾಗ ಉಸಿರು ಕಟ್ಟಿ ಮೆಟ್ಟಿಲ ಮೇಲೆ ಕುಸಿದಳು. ಮಕ್ಕಳು ಹಾಡಿನ ಮುಂದಿನ ಸಾಲಿಗಾಗಿ ಕಾಯುತ್ತಲೇ ನಿಂತಿದ್ದರಂತೆ. ಅವಳು ಚೇತರಿಸಿಕೊಂಡ ಮೇಲೆ ಇಬ್ಬರೂ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿ ಸುರೇಂದ್ರರವರ ಬಳಿಗೆ ಹೋದೆವು. ಅವರು ಕಿಟಕಿಯಿಂದ, ಗುಡ್ಡದ ಮೇಲಿದ್ದ ತಮ್ಮನ್ನು ಭಕ್ತಿಪೂರ್ವಕವಾಗಿ ತೋರಿಸಿದರು. “ನೋಡಿ ಮಾರಾಯ್ರೆ, ಮಿಷನ್ ಹಸಿರು ತೋರಿಸ್ತಿದೆ. ಮೇಡಮ್ಮಿಗೆ ಎಲ್ಲೋ ಶೀತ ಆಗಿರ್ಬೇಕು.”

“ಹಂಗಾದ್ರೆ ನಾವು ಆ ಮಿಷನ್ ಹತ್ರನೇ ಹೋಗಿ ಉಸಿರಾಡ್ತೀವಿ ಬಿಡಿ ಸಾರ್” ಎಂದಳು ದಿವ್ಯಾ.

ಅವಳು ಹೇಳಿದಂತೆಯೇ ಮಾಡಿದಳು. ಮರುದಿನ ಪಕ್ಕದ ಮನೆಯ ಅರುಣನ ಜೀಪು ಹತ್ತಿ ತಮ್ಮ ಸನ್ನಿಧಿಗೆ ಬಂದು ಕುಳಿತಳು, ಎದೆ ಹಗುರವಾಯಿತು. ಸುದ್ದಿ ಹಬ್ಬಿ ಪೇಟೆಯ ಉಬ್ಬಸದವರೆಲ್ಲ ಬರತೊಡಗಿದರು. ಮುಖ್ಯೋಪಾಧ್ಯಾಯಿನಿ ಸಾವಿತ್ರಮ್ಮನವರು ಬೆಳಗಿನ ಪ್ರಾರ್ಥನೆಯನ್ನೇ ಗುಡ್ಡದ ಮೇಲಕ್ಕೆ ವರ್ಗಾಯಿಸಿದರು. ಊರಿಗೆ ಶುದ್ಧ ಗಾಳಿಯ ಪ್ರಶಸ್ತಿ ಕೊಡಲು ಮೇಲಧಿಕಾರಿಗಳು ಬಂದಾಗ, ತಮ್ಮ ಸುತ್ತ ಅರ್ಧ ಪೇಟೆಯೇ ಕೂತು ಕೆಮ್ಮುತ್ತಿತ್ತು.

“ಇವ್ರೆಲ್ಲ ಯಾಕಿಲ್ಲಿದ್ದಾರೆ?” ಎಂದು ಅವರು ಕೇಳಿದರು.

“ಗಾಳಿ ಕುಡಿಯಕ್ಕೆ ಬಂದಿದೀವಿ ಸಾರ್, ಕೆಳಗೆ ಸಿಗಲ್ಲ” ಎಂದಳು ದಿವ್ಯಾ. ಪ್ರಶಸ್ತಿ ಕಾರಿನಿಂದ ಇಳಿಯಲೇ ಇಲ್ಲ. ತಮ್ಮನ್ನು ಬಸ್ ನಿಲ್ದಾಣಕ್ಕೆ ಇಳಿಸಬೇಕೆಂದು ಅಪ್ಪಣೆಯಾಯಿತು.

ನನ್ನ ದೂರು ಇರುವುದು ಇಲ್ಲಿ. ಬಸ್ ನಿಲ್ದಾಣಕ್ಕೆ ಬಂದ ಮೊದಲ ಬೆಳಿಗ್ಗೆಯೇ, ಅಷ್ಟು ಜನರೆದುರು, ಯಾವ ಮುಲಾಜೂ ಇಲ್ಲದೆ ತಾವು ಕೆಂಪಾಗಿಬಿಟ್ಟಿರಿ! ಸರ್ಕಾರಿ ಸೇವೆಯಲ್ಲಿರುವವರು ಹೀಗೆ ಕಂಡದ್ದನ್ನು ಕಂಡಂತೆ ಹೇಳಬಹುದೇ? “ಕೆಟ್ಟುಹೋಗಿದೆ” ಎಂದು ಸುರೇಂದ್ರರವರು ತಮ್ಮನ್ನು ರಿಪೇರಿಗೆ ಕಳಿಸಿದ್ದು ನ್ಯಾಯವೇ. ಜೂನಿನಲ್ಲಿ ಮುಂಗಾರು ಕಸದ ಬೆಂಕಿ ಆರಿಸಿ, ಆಕಾಶ ತೊಳೆದು, ನನ್ನ ಛತ್ರಿಗಳನ್ನೂ ಮಾರಿಸಿಕೊಟ್ಟ ಮೇಲೆ ತಾವು ಗುಣಮುಖರಾಗಿ ಬಂದು ಹಸಿರು ತೋರಿಸಿದಿರಿ. ಸುರೇಂದ್ರರವರಿಗೆ ಸನ್ಮಾನವಾಯಿತು. ಮಳೆಗೆ ಯಾರೂ ಶಾಲು ಹೊದಿಸಲಿಲ್ಲ. ಚಳಿ ಶುರುವಾಗುತ್ತಲೇ ತಮ್ಮನ್ನು ಮತ್ತೆ ಗುಡ್ಡಕ್ಕೇರಿಸಿ, ಈ ಸಲ ಬೇಲಿ ಹಾಕಿ, ಸಾರ್ವಜನಿಕರಿಗೆ ಪ್ರವೇಶ ನಿಷೇಧಿಸಿದರು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಇಷ್ಟೇ. ದೊಡ್ಡವರ ಪರಿಚಯವಿರುವ ತಾವು ಮುಂಗಾರಿಗೆ ಹೇಳಿ ಅದನ್ನು ಫೆಬ್ರವರಿಯ ತನಕ ಇಲ್ಲೇ ಉಳಿಸಿಕೊಡಬೇಕು. ಅದಾಗದಿದ್ದರೆ ಪಶ್ಚಿಮದ ಗುಡ್ಡಕ್ಕೆ ಸ್ವಲ್ಪ ಪಕ್ಕಕ್ಕೆ ಸರಿದು ಹೊಗೆಗೆ ದಾರಿ ಬಿಡುವಂತೆ ಸೂಚಿಸಬೇಕು. ಕಸ ಸುಡುವುದನ್ನು ನಿಲ್ಲಿಸುವಂಥ ಕಷ್ಟದ ಕೆಲಸವನ್ನು ಯಾರಿಗೂ ಹೇಳಬೇಕಾಗಿಲ್ಲ.

ಏಕೆಂದರೆ ಅದನ್ನು ದಿವ್ಯಾಳೇ ವಹಿಸಿಕೊಂಡಿದ್ದಾಳೆ. ಬೇಲಿ ಬಿದ್ದ ಮಾರನೆಯ ದಿನದಿಂದ ಅವಳು, ಸಾವಿತ್ರಮ್ಮನವರು ಮತ್ತು ಪೇಟೆಯ ಹೆಂಗಸರು ಬೆಳಿಗ್ಗೆ ಎದ್ದು ಕಸದ ರಾಶಿಯ ಮುಂದೆ ಹೋಗಿ ನಿಲ್ಲುತ್ತಿದ್ದಾರೆ. ಇವರ ಮುಖ ನೋಡಿಕೊಂಡು ಕಡ್ಡಿ ಗೀರುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ. ಪೇಟೆಗೆ ಎದುರುಗಡೆಯ ತೋಟ ಕಾಣತೊಡಗಿದೆ. ಮೊನ್ನೆ ದಿವ್ಯಾ ಪೂರ್ತಿ ಪ್ರಾರ್ಥನೆ ಹಾಡಿದಳು. ನಾನು ಅಂಗಡಿ ಬಾಗಿಲು ತೆಗೆಯುವುದನ್ನೇ ಮರೆತು ಕೇಳುತ್ತ ನಿಂತಿದ್ದೆ.

ತಮ್ಮ ಮೇಲೆ ಗುಡ್ಡದಷ್ಟು ವಿಶ್ವಾಸವಿಟ್ಟಿರುವ,
ತಗ್ಗಿನ ಶಶಿಕಿರಣ್

ತಾ.ಕ.: ಈ ಹೆಂಗಸರನ್ನು ರಿಪೇರಿಗೆ ಎಲ್ಲಿಗೆ ಕಳಿಸಬೇಕೆಂದು ಸುರೇಂದ್ರರವರು ವಿಚಾರಿಸುತ್ತಿದ್ದಾರಂತೆ. ತಾವು ಹೋಗಿಬಂದ ವಿಳಾಸವನ್ನು ದಯವಿಟ್ಟು ಕೊಡಬೇಡಿ. ಆ ರಿಪೇರಿಯವರ ಮೇಲೆ ನಮಗೆ ಕನಿಕರವಿದೆ.