ಶೋಕೇಸಿನ ಗಾಜಿನಲ್ಲಿ ಯಶೋದೆ

ಕಳೆದ ಜೂನ್ ಮೊದಲ ವಾರ ನನ್ನ ಸೋದರಮಾವ ಅಜ್ಜಾವರದ ತಮ್ಮ ಮನೆಯ ಶೋಕೇಸಿನ ಗಾಜನ್ನು ಕದ್ದರು. ಸ್ವಂತ ಮನೆಯಲ್ಲೇ ಕಳ್ಳತನ ಮಾಡಿ ಸಿಕ್ಕಿಬಿದ್ದ ಇನ್ನೊಬ್ಬರನ್ನು ನಾನು ಕಂಡಿಲ್ಲ!

"ಗಾಜು ಎಲ್ಲಿ?" ಅತ್ತೆ ಕೇಳಿದರು.

"ಅಲ್ಲೇ ಉಂಟು ಮಾರಾಯ್ತಿ. ಒರೆಸಿ ಒರೆಸಿ ಕಾಣುದಿಲ್ಲ ಅಷ್ಟೆ."

"ಹೌದಾ? ಹಾಗಾದರೆ ಗೊಂಬೆಯ ತಲೆ ಮೇಲೆ ಕೂತ ಹಲ್ಲಿ ಎಂತ, ಬಾಗಿಲು ಬಡಿದು ಒಳಗೆ ಬಂದದ್ದಾ? ಅಷ್ಟು ನನಗೂ ಕಾಣ್ತದೆ."

ಅತ್ತೆಯ ದೃಷ್ಟಿ ಮಂಜಾಗುತ್ತಿತ್ತು. ಹೋದದ್ದು ಮರಳುವುದಿಲ್ಲ, ಉಳಿದದ್ದೂ ಹೆಚ್ಚು ದಿನದ್ದಲ್ಲ ಎಂದು ಪುತ್ತೂರಿನ ಕಣ್ಣಿನ ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ಬರುವಾಗ ಅತ್ತೆ ಅಂದರಂತೆ: "ಮರ್ಕಂಜದ ತವರುಮನೆಯಲ್ಲಿ ಗಾಜಿನ ಮೇಲೆ ಬರೆದ ಯಶೋದೆ ಇತ್ತು. ಕೃಷ್ಣನಿಗೆ ಬೆಣ್ಣೆ ತಿನಿಸುದು. ಒಡೆದುಹೋಯಿತು. ಇನ್ನೊಮ್ಮೆ ನೋಡಬೇಕಿತ್ತು."

ಮಾವ ಇದನ್ನು ಆಜ್ಞೆ ಎಂದುಕೊಂಡರು. ಕೈಗಡಿಯಾರ ರಿಪೇರಿ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯ! ಅಂಥ ಚಿತ್ರ ಬರೆಯುವವರು ಸುತ್ತ ಎಲ್ಲೂ ಸಿಗಲಿಲ್ಲ. ತಾವೇ ಬರೆಯುವುದೆಂದು ಶೋಕೇಸಿನ ಗಾಜಿಗೆ ಕೈ ಹಾಕಿದ್ದು ಹಾಗೆ. ರಾಮಕುಂಜದ ಪರಿಚಯದವರ ಮನೆಯಲ್ಲಿ ಹಳೆಯದೊಂದು ಚಿತ್ರವಿತ್ತು. ಮಾವ ಅದರ ಮುಂಭಾಗವನ್ನು ಬಿಟ್ಟು ಹಿಂಭಾಗವನ್ನೇ ನೋಡುತ್ತ ಮೂರು ಸಂಜೆ ಕಳೆದರು.

ಈ ಕಲೆಯಲ್ಲಿ ಎಲ್ಲವೂ ತಲೆಕೆಳಗು. ಬಣ್ಣ ಹಚ್ಚುವುದು ಗಾಜಿನ ಹಿಂದೆ, ನೋಡುವುದು ಮುಂದಿನಿಂದ. ಕಣ್ಣು, ಮೂಗುತಿ ಮೊದಲು, ಅದರ ಮೇಲೆ ಮುಖದ ಬಣ್ಣ, ಹಿನ್ನೆಲೆ ಕೊನೆಗೆ. ಮಾವ ಎಲ್ಲದಕ್ಕೂ ಒಪ್ಪಿದರು, ಒಂದನ್ನು ಬಿಟ್ಟು. "ದೇವರ ಕಣ್ಣು ಬಿಡಿಸುದು ಯಾವತ್ತೂ ಕೊನೆಗೆ. ಕ್ರಮ ತಪ್ಪಿಸ್ಲಿಕ್ಕೆ ಆಗುದಿಲ್ಲ!"

ಕ್ರಮ ತಪ್ಪಲಿಲ್ಲ. ಕಾಯಿ ಒಡೆದು, ಉಸಿರು ಬಿಗಿಹಿಡಿದು, ಕೊನೆಯಲ್ಲಿ ಕಣ್ಣು ಬರೆದು ಗಾಜು ತಿರುಗಿಸಿದರು. ತಾಯಿಗೂ ಕಣ್ಣಿಲ್ಲ, ಮಗನಿಗೂ ಇಲ್ಲ! ನಾಲ್ಕೂ ಕಣ್ಣು ಮುಖದ ಬಣ್ಣದ ಹಿಂದೆ ಭದ್ರವಾಗಿದ್ದವು.

ಅತ್ತೆ ಗಾಜನ್ನು ಮೂಗಿನ ತುದಿಗೆ ಹಿಡಿದು ನೋಡಿದರು. "ಯಶೋದೆಯನ್ನೂ ನನ್ನ ಡಾಕ್ಟ್ರ ಹತ್ರವೇ ಕರ್ಕೊಂಡು ಹೋಗುವ ಮಾರಾಯ್ರೆ."

ಮುಂದಿನ ಸಲ ಕಣ್ಣೇ ಮೊದಲು. ಬರಿಯ ಗಾಜಿನಲ್ಲಿ ನಾಲ್ಕು ಕಣ್ಣು ಜಗಲಿಯಲ್ಲಿ ಒಣಗುತ್ತಿದ್ದಾಗ ಗ್ಯಾಸ್ ತಂದವನು ಸಿಲಿಂಡರನ್ನು ಗೇಟಿನಲ್ಲೇ ಇಳಿಸಿ ಹೋದ. ಸುದ್ದಿ ಕೇಳಿ ನೆರೆಮನೆಯ ಇಬ್ಬರು ಕಲಿಯಲು ಬಂದರು. ಅವರವರ ಗಾಜು ಅವರೇ ತರಬೇಕೆಂಬುದು ಅತ್ತೆಯ ಷರತ್ತು.

ದೀಪಾವಳಿಯ ಹೊತ್ತಿಗೆ ಹಿನ್ನೆಲೆಯೊಂದು ಬಾಕಿ ಉಳಿಯಿತು. ಅಷ್ಟರಲ್ಲಿ ಅತ್ತೆಗೆ ಬೆಳಕು, ಕತ್ತಲೆ ಮಾತ್ರ ಗೊತ್ತಾಗುತ್ತಿತ್ತು. ಮಾವ ಚಿತ್ರವನ್ನು ಕಿಟಕಿಗೆ ಹಿಡಿದರು.

"ಎಂತ ಕಾಣ್ತದೆ?"

"ಕೆಂಪು ಉಂಟು. ಮತ್ತೆ... ಇಲ್ಲ ಮಾರಾಯ್ರೆ."

ಮಾವ ಗಾಜು ತಿರುಗಿಸಿ, ಅತ್ತೆಯ ಬೆರಳು ಹಿಡಿದು ಬಣ್ಣ ಉಬ್ಬಿದ ಅದರ ಬೆನ್ನಿನ ಮೇಲಿಟ್ಟರು. ಬೆರಳು ನಿಧಾನ ಸರಿಯಿತು, ಒಂದು ಕಡೆ ನಿಂತಿತು.

"ಇದು ಬೆಣ್ಣೆ," ಅಂದರು ಅತ್ತೆ. ಬೆರಳು ತುಸು ಸರಿಸಿ, "ಇದು ಅವಳ ಕೈ."

ಹಿನ್ನೆಲೆ ಬಳಿದರೆ ಆ ಉಬ್ಬುತಗ್ಗು ಮುಚ್ಚಿಹೋಗುತ್ತದೆ. ಮಾವ ಬಳಿದಿಲ್ಲ. ಚಿತ್ರವನ್ನು ಬೆನ್ನು ಹೊರಗೆ ಮಾಡಿ, ಅತ್ತೆಯ ಮಂಚದ ಪಕ್ಕ, ಅವರ ಕೈಗೆಟುಕುವ ಎತ್ತರದಲ್ಲಿ ತೂಗುಹಾಕಿದ್ದಾರೆ.