ಏಳು ಬಾಯಿಯ ಹೂವು

ನನ್ನ ಗಂಡ ಅಜಿತಪ್ರಸಾದರು ಜೀವಮಾನದಲ್ಲಿ ನನಗೆಂದು ತಂದ ಹೂವು ಎರಡೇ. ಒಂದು, ಮದುವೆಯ ದಿನದ ಮಾಲೆ. ಇನ್ನೊಂದಕ್ಕೆ ಬಾಯಿ ಇತ್ತು.

ಹುಲಿಕಲ್ ಘಾಟಿಯ ಕೆಳಗಿನ ಗೆಳೆಯರೊಬ್ಬರು ಕೊಟ್ಟರೆಂದು, ಗಾಜಿನ ತೊಟ್ಟಿ, ದೀಪ, ಉಪ್ಪುನೀರಿನ ಕ್ಯಾನುಗಳ ಸಮೇತ ಅದನ್ನು ರಿಪ್ಪನ್‌ಪೇಟೆಯ ನಮ್ಮ ಹಜಾರದಲ್ಲಿ ಪ್ರತಿಷ್ಠಾಪನೆ ಮಾಡಿದರು. ಬೆರಳಿನಂಥ ಎಸಳುಗಳು, ತುದಿಯಲ್ಲಿ ಗುಳ್ಳೆ.

“ರೀ, ಇದು ಪ್ರಾಣಿಯಲ್ಲ ತಾನೆ?”

“ಕಡಲ ಹೂ ಅಂತಾರೆ. ಹೆಸರಲ್ಲೇ ಹೂ ಇದೆಯಲ್ಲ ಮಾರಾಯ್ತಿ! ವಾರಕ್ಕೆ ಎರಡು ಚಿಟಿಕೆ ಗೊಬ್ಬರ ಹಾಕು, ಸಾಕು.”

ಡಬ್ಬಿಯಲ್ಲಿದ್ದ ಗೊಬ್ಬರ ನಾರುತ್ತಿತ್ತು. (ಗೊಬ್ಬರ ನಾರದೆ ಏಲಕ್ಕಿಯ ಹಾಗೆ ಘಮಘಮಿಸುತ್ತದೆಯೇ?) ಮಲ್ಲಿಗೆಗೆ ದಿನಾ ನೀರೆರೆಯುವ ನನಗೆ ವಾರಕ್ಕೆ ಎರಡು ಚಿಟಿಕೆ ತೀರಾ ಜಿಪುಣತನವೆನಿಸಿತು. ದಿನವೂ ಪೂಜೆ ಮುಗಿಸಿ, ಬಾಯಲ್ಲಿ ಮಂತ್ರ ಹೇಳುತ್ತ ಧಾರಾಳವಾಗಿ ಹಾಕತೊಡಗಿದೆ.

ಎರಡನೇ ವಾರ, ನಾನು “ಣಮೋ ಅರಿಹಂತಾಣಂ” ಎನ್ನುತ್ತಿದ್ದಂತೆ ಎಸಳುಗಳೆಲ್ಲ ನನ್ನತ್ತ ವಾಲಿದವು. ನಡುವೆ ಒಂದು ಸೀಳು ಮೆಲ್ಲನೆ ತೆರೆದುಕೊಂಡಿತು. ನನ್ನ ಮೈಯ ರೋಮವೆಲ್ಲ ಎದ್ದು ನಿಂತಿತು. ಭಕ್ತಿಯ ರೋಮಾಂಚನವೆಂದೇ ತಿಳಿದೆ.

ಆಮೇಲೊಂದು ಬೆಳಿಗ್ಗೆ ಅದು ಹಿಟ್ಟಿನುಂಡೆಯನ್ನು ಎರಡೂ ಕಡೆಯಿಂದ ಎಳೆದ ಹಾಗೆ ಉದ್ದವಾಯಿತು. ಸದ್ದಿಲ್ಲದೆ ಹರಿದು ಎರಡಾಯಿತು. ಕೆಲವು ದಿನಗಳಲ್ಲಿ ಹರಿದ ಕಡೆಯೂ ಒಂದು ಬಾಯಿ ಮೂಡಿತು. ಎರಡೂ ನನ್ನನ್ನು ನೋಡಿದವು. (ಕಣ್ಣಿಲ್ಲದ್ದು ನೋಡುವುದು ಹೇಗೆ ಎಂದು ಕೇಳಬೇಡಿ. ಬೆನ್ನಿಗೆ ಗೊತ್ತಾಗುತ್ತದೆ.)

“ರೀ, ಇದ್ದ ಒಂದು ಆತ್ಮ ಈಗ ಯಾವುದರೊಳಗಿದೆ?”

“ದಾಸವಾಳದ ಗೆಲ್ಲು ಮುರಿದು ನೆಟ್ರೆ ಚಿಗುರಲ್ವಾ? ಹಾಗೇ.”

“ದಾಸವಾಳ ನಡೆಯಲ್ಲಾರೀ!”

ಇವು ನಡೆಯುತ್ತಿದ್ದವು. ಸಂಜೆ ಕಲ್ಲಿನ ಹಿಂದೆ ಇದ್ದದ್ದು ಬೆಳಿಗ್ಗೆ ನೋಡಿದರೆ ದೇವರ ಕೋಣೆಯ ಕಡೆಯ ಗಾಜಿಗೆ ಅಂಟಿಕೊಂಡಿರುತ್ತಿತ್ತು. ಎರಡು ನಾಲ್ಕಾದವು, ನಾಲ್ಕು ಏಳಾದವು. (ಎಂಟಾಗಬೇಕಿತ್ತು. ಒಂದು ಇನ್ನೂ ಯೋಚಿಸುತ್ತಿತ್ತು.)

ಅಷ್ಟರಲ್ಲಿ ನಮ್ಮ ಜೈನ ಸನ್ಯಾಸಿನಿ, ಆರ್ಯಿಕಾ ಮಾತಾಜಿಯವರು ಊರಿಂದೂರಿಗೆ ಬರಿಗಾಲಲ್ಲಿ ವಿಹಾರ ಮಾಡುತ್ತ ನಮ್ಮೂರಿಗೆ ಬಂದರು. ದಿನಕ್ಕೊಮ್ಮೆ, ಯಾವುದೋ ಒಂದು ಮನೆಯಲ್ಲಿ ಮಾತ್ರ ಅವರ ಆಹಾರ. ಮನೆಯವರು ಬಾಗಿಲಲ್ಲಿ ಕಲಶ ಹಿಡಿದು ನಿಂತು, ಮನಸ್ಸು, ಮಾತು, ದೇಹ, ಅನ್ನ, ನೀರು ಎಲ್ಲ ಶುದ್ಧವೆಂದು ಬಾಯಿಬಿಟ್ಟು ಹೇಳಿ ಕರೆಯಬೇಕು. ಹನ್ನೊಂದು ವರ್ಷದಿಂದ ನಾನು ಯಾವ ಸನ್ಯಾಸಿಗಳು ಬಂದರೂ ಹಾಗೆ ನಿಂತಿದ್ದೇನೆ. ಪ್ರತಿ ಸಲವೂ ಅವರು ಪಕ್ಕದ ಬೀದಿಗೆ ತಿರುಗಿದ್ದಾರೆ.

ಈ ಸಲ ಬಿಡಬಾರದೆಂದು ನಸುಕಿಗೇ ಎದ್ದು, ಬಾವಿನೀರು ಸೋಸಿ ಕಾಯಿಸಿ ಅಡುಗೆ ಮಾಡಿದೆ. ಎದುರುಮನೆಯ ತುಂಗಮ್ಮ ಬಾಳೆಹಣ್ಣು ಕೊಡಲು ಬಂದವರು ಹಜಾರದಲ್ಲೇ ನಿಂತು ಮೂಗರಳಿಸಿದರು.

“ಶೀಲಮ್ಮ, ಇದೇನಿದು ಒಣಸೀಗಡಿ ವಾಸ್ನೆ? ನಮ್ಮನೇಲಿ ಇವತ್ತು ಮಾಡೇ ಇಲ್ಲ!”

“ಅದು ಹೂವಿನ ಗೊಬ್ಬರ.”

ತುಂಗಮ್ಮ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. “ದಿನಾ ಹಾಕ್ತೀರಾ? ನಮ್ಮನೆಯವ್ರಿಗೂ ನಾನು ದಿನಾ ಸೀಗಡಿ ಬಡಿಸಿದವಳಲ್ಲ ಕಣ್ರೀ!”

ಸಂತೆಯಲ್ಲಿ ಒಣಮೀನಿನ ಸಾಲನ್ನು ತಪ್ಪಿಸಿ ಸುತ್ತಿ ನಡೆದೇ ಐವತ್ತು ವರ್ಷ ಕಳೆದವಳು ನಾನು. ನನ್ನ ಮೂಗಿಗೆ ಹೇಗೆ ತಿಳಿಯಬೇಕು? ತಿರುಗಿ ನೋಡಿದೆ. ನಮ್ಮವರು ಕಲಶದ ಮೇಲಿನ ತೆಂಗಿನಕಾಯಿಯನ್ನು ಅಪಾರ ಭಕ್ತಿಯಿಂದ ಸರಿಮಾಡುತ್ತಿದ್ದರು.

“ರೀ!”

“ನಿಜ ಹೇಳಿದ್ರೆ ಮನೆಗೆ ಸೇರಿಸ್ತಿದ್ಯಾ?”

ಆಗಲೇ ಮಾತಾಜಿಯವರು ನಮ್ಮ ಬೀದಿಗೆ ತಿರುಗಿ, ನೇರವಾಗಿ ನಮ್ಮ ಗೇಟಿನ ಮುಂದೆಯೇ ನಿಂತರು. ನಾನು ಕಲಶ ಹಿಡಿದು ಬಾಯಿ ತೆರೆದೆ. ಬೆನ್ನ ಹಿಂದೆ ಏಳು ಬಾಯಿ ತೆರೆದದ್ದು ನೋಡದೆಯೂ ಗೊತ್ತಾಯಿತು.

ಕಲಶ ಕೆಳಗಿಟ್ಟು ಕೈಮುಗಿದೆ. “ತಪ್ಪಾಗಿದೆ ಮಾತಾಜಿ. ನಮ್ಮನೆ ಶುದ್ಧ ಇಲ್ಲ.”

ಅವರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವದಿಸಿ, ಮುಂದಿನ ಮನೆಗೆ ನಡೆದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ತೊಟ್ಟಿಯದು ಇನ್ನೊಂದು ಧರ್ಮಸಂಕಟ. ಉಣಿಸಿದರೆ ಸೀಗಡಿಯ ಪಾಪ, ಉಣಿಸದಿದ್ದರೆ ಏಳು ಜೀವದ ಪಾಪ. ಕೊನೆಗೆ ತುಂಗಮ್ಮನೇ, “ನಮ್ಮನೇಲಿರ್ಲಿ ಬಿಡಿ, ಸೀಗಡಿಗೇನು ಬರವಿಲ್ಲ” ಎಂದರು. ನಮ್ಮವರು ತಲೆ ತಗ್ಗಿಸಿಕೊಂಡು ನೀರು, ಕಲ್ಲು, ಹೂವು ಎಲ್ಲವನ್ನೂ ಬಕೆಟ್ಟಿನಲ್ಲಿ ರಸ್ತೆ ದಾಟಿಸಿದರು.

ಮಾರನೆಯ ಬೆಳಿಗ್ಗೆ ನಿರಾಳವಾಗಿ ಜಪಕ್ಕೆ ಕುಳಿತೆ. ಫೋನು ಬಡಿದುಕೊಂಡಿತು, ತುಂಗಮ್ಮನದು.

“ಶೀಲಮ್ಮ, ಈಗ ಜಪ ಶುರು ಮಾಡಿದ್ರಾ?”

“ಹೌದು. ಅಲ್ಲಿಗೂ ಕೇಳಿಸ್ತಾ?”

“ನಂಗೆ ಕೇಳಿಸ್ಲಿಲ್ಲಪ್ಪ. ಇವು ಏಳೂ ಬಾಯಿ ತೆರೆದ್ವು.”

ಅಂದಿನಿಂದ ಮನಸ್ಸಿನಲ್ಲೇ ಜಪ. ತುಟಿ ಕೂಡ ಅಲುಗಿಸುವುದಿಲ್ಲ. ಇವತ್ತು ಮೊದಲ ಮಣಿ ಜರುಗಿಸಿದೆನಷ್ಟೆ, ಮತ್ತೆ ಫೋನು.

“ನಾನು ಬಾಯೇ ಬಿಟ್ಟಿಲ್ಲ ತುಂಗಮ್ಮ!”

“ಇವು ಬಿಟ್ಟಿವೆ. ಅದಿರ್ಲಿ, ಹಳೇ ಸುದ್ದಿ. ಈಗ ಎಂಟಾಗಿವೆ. ಎಂಟನೇದು ಸೀಗಡಿ ಹಾಕಿದ್ರೆ ಉಗುಳ್ತದೆ ಕಣ್ರೀ! ನಾಲ್ಕು ದಿನ ನೋಡ್ದೆ, ಮುಟ್ಟಲ್ಲ ಅಂದ್ರೆ ಮುಟ್ಟಲ್ಲ. ಅದು ನಿಮ್ಮ ಪೈಕೀದು. ನಿಮ್ಮವರ ಕೈಲೇ ಕೊಟ್ಟು ಕಳ್ಸಿದೀನಿ.”

ಹೊರಗೆ ಗೇಟು ಕಿರುಗುಟ್ಟಿತು. ಬಕೆಟ್ಟಿನ ನೀರು ತುಳುಕುವ ಸದ್ದು ಹಜಾರ ದಾಟಿ ಬಂದು, ದೇವರ ಕೋಣೆಯ ಬಾಗಿಲಲ್ಲಿ ನಿಂತಿತು.