ಸೋಲಾಪುರಕ್ಕೆ ಹೋದ ಶ್ರೀಕಾರ

ಮಕ್ಕಳೇ, ನಿಮ್ಮ ಅಜ್ಜಿಗೆ ಕಂಪ್ಯೂಟರ್ ಬರುತ್ತದೆ ಎಂದು ನೀವು ಗೆಳೆಯರ ಮುಂದೆ ಹೇಳಿಕೊಂಡು ತಿರುಗುತ್ತೀರಂತೆ. ಮೊದಲು ಇದನ್ನು ಓದಿ. ಆಮೇಲೆ ಬೇಕಾದರೆ ಹೇಳಿ.

ಹೊರಗಿನವರೊಡನೆ ನನಗೆ ಮಾತು ಬಾರದು. ಹಳ್ಳಿಯ ಶಾಲೆಯಲ್ಲಿ ಗುರುಗಳು ಹಾಜರಿ ಕರೆದರೆ, ಪಕ್ಕದ ಹುಡುಗಿ ನನ್ನ ಪರವಾಗಿ "ಬಂದಾಳ್ರೀ" ಎನ್ನುತ್ತಿದ್ದಳು. ಇಂಥ ನನ್ನನ್ನು ಬನಹಟ್ಟಿಯ ನಮ್ಮ ಓಣಿಯ ನೇಕಾರ ಹೆಣ್ಣುಮಕ್ಕಳು ತಮ್ಮ ಸಂಘಕ್ಕೆ ಅಧ್ಯಕ್ಷೆ ಮಾಡಿದರು. ಸಭೆಯಲ್ಲಿ ಉಳಿದವರೆಲ್ಲ ಜಗಳವಾಡುತ್ತಿದ್ದರು, ನಾನೊಬ್ಬಳೇ ಸುಮ್ಮನೆ ಕುಳಿತಿದ್ದೆ. ಅದನ್ನು ಒಪ್ಪಿಗೆ ಎಂದು ತಿಳಿದರು!

ಸಂಘದ ಫೋನು ರಿಂಗಾದರೆ ನಾನು ಒಲೆಯ ಮೇಲಿನ ಹಾಲು ನೋಡಲು ಹೋಗುತ್ತಿದ್ದೆ. ಒಲೆಯ ಮೇಲೆ ಹಾಲು ಇಲ್ಲದಿದ್ದರೂ ಹೋಗುತ್ತಿದ್ದೆ. ಹೀಗಾಗಿ ಜಮಖಂಡಿಯ ಕಂಪ್ಯೂಟರ್ ಅಂಗಡಿಯ ಬಸವರಾಜ ಸಂಘಕ್ಕೊಂದು ವೆಬ್ ಪುಟ ಮಾಡಿಕೊಟ್ಟಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಪತ್ರ ಟೈಪು ಮಾಡಿ ಗುಂಡಿ ಒತ್ತಿದರೆ ಅದು ಈಮೇಲಾಗಿ ಹೋಗುತ್ತದೆ. ಬಾಯಿ ತೆರೆಯುವ ಕೆಲಸವೇ ಇಲ್ಲ!

ಆ ವರ್ಷ ದೀಪಾವಳಿಗೆ ಸೋಲಾಪುರದ ಒಬ್ಬ ದೊಡ್ಡ ವ್ಯಾಪಾರಿ ನಮ್ಮ ಸೀರೆಗಳನ್ನೆಲ್ಲ ಕೊಳ್ಳಲು ಮುಂದಾದರು. ಹಿಂದೆ ಯಾರೋ ಬೇರೆ ಸಂಘದ ಹೆಸರಲ್ಲಿ ಸುಳ್ಳು ಈಮೇಲ್ ಕಳಿಸಿ ಅವರಿಗೆ ಮೋಸ ಮಾಡಿದ್ದರಂತೆ. ಅದಕ್ಕೇ ಒಂದು ಷರತ್ತು: ನಮ್ಮ ಒಪ್ಪಿಗೆ ಪತ್ರ ಮುದ್ರೆ ಒತ್ತಿ, ಬೀಗ ಹಾಕಿದ ಈಮೇಲಾಗಿ ಶನಿವಾರ ಸಂಜೆಯೊಳಗೆ ತಲುಪಬೇಕು. ಇಲ್ಲವಾದರೆ ಬೇಡಿಕೆ ಬೇರೆಯವರಿಗೆ. ನಮ್ಮವರಾಗಲೇ ಅವರು ಕೇಳಿದ ಬಣ್ಣದ ನೂಲನ್ನು ಮಗ್ಗಕ್ಕೆ ಏರಿಸಿಬಿಟ್ಟಿದ್ದರು. ಪಕ್ಕದ ಮನೆಯ ಶಾಂತವ್ವ, ಸಂಘದ ಉಪಾಧ್ಯಕ್ಷೆ, ಆ ಬಣ್ಣ ನೋಡಿ ದಿನವೂ ನಿಟ್ಟುಸಿರು ಬಿಡುತ್ತಿದ್ದಳು.

"ಅಕ್ಕಾ, ಈ ಬಣ್ಣ ನಮ್ಮ ಊರಾಗ ಯಾರೂ ಉಡಂಗಿಲ್ಲ. ಸೋಲಾಪುರದವ್ರು ಬ್ಯಾಡ ಅಂದ್ರ ಸಾಯೂಮಟ ನಾವ ಉಡಬೇಕಾಕ್ಕೈತಿ!"

ಗುರುವಾರ ಬಸವರಾಜ ಬಂದು ಎಲ್ಲ ಜೋಡಿಸಿ, ನನಗೆ ತಿಳಿಸಿ ಹೇಳಿದ.

"ಭಾಳ ಸರಳ ಐತ್ರೀ, ಅಕ್ಕಾರ. ನೀವು ಗುಂಡಿ ಒತ್ತಿದ ಕೂಡ್ಲೆ ಪತ್ರದ ಮ್ಯಾಲ ಸಂಘದ ಮುದ್ರಿ ಬೀಳತೈತಿ. ಆಮ್ಯಾಲ ಅದು ಪೆಟಗಿಯೊಳಗ ಹೋಗಿ ಕೀಲಿ ಬೀಳತೈತಿ. ಕೀಲಿ ಸೋಲಾಪುರದವ್ರದು, ಅವ್ರ ಕಳಿಸಿಕೊಟ್ಟಾರ. ಕೀಲಿಕೈ ಅವ್ರ ಹಂತ್ಯಾಕ ಅಷ್ಟ ಐತಿ. ಅವ್ರನ್ನ ಬಿಟ್ರ ಯಾರೂ ತಗ್ಯಾಕ ಆಗಂಗಿಲ್ಲ."

ಪರೀಕ್ಷೆಗೆಂದು ಒಂದು ಪತ್ರ ಕಳಿಸಿದ. ಸರಿಯಾಗಿ ತಲುಪಿತು. ಚಹಾ ಕುಡಿದು ಜಮಖಂಡಿ ಬಸ್ಸು ಹತ್ತಿದ.

ಅವನು ಹೋದ ಮೇಲೆ ನಾನು ಪರದೆಯ ಮೇಲೆ ಆ ಪತ್ರದ ಪ್ರತಿ ನೋಡಿದೆ. ಪತ್ರದ ನೆತ್ತಿಯ ಮೇಲೆ ಶ್ರೀಕಾರವೇ ಇಲ್ಲ!

ನಿಮಗೆ ಗೊತ್ತಿರಲಿಕ್ಕಿಲ್ಲ ಮಕ್ಕಳೇ. ನಮ್ಮಲ್ಲಿ ಶ್ರೀ ಇಲ್ಲದೆ ಬರುವ ಪತ್ರ ಸಾವಿನ ಪತ್ರ. ಅದನ್ನು ಹೊರಗೇ ನಿಂತು ಓದಿ, ಹರಿದು ಹಾಕಿ, ಆಮೇಲೆ ಒಳಗೆ ಬರಬೇಕು. ನಿಮ್ಮ ಅಜ್ಜ ಹೋದಾಗ ಬೀಗರಿಗೆಲ್ಲ ಕಾರ್ಡು ಬರೆದವಳು ನಾನೇ. ಪ್ರತಿ ಕಾರ್ಡಿಗೂ ಕೈ ತಾನಾಗಿ ಶ್ರೀ ಬರೆಯಲು ಹೋಗುತ್ತಿತ್ತು, ನಾನು ಹಿಡಿದು ನಿಲ್ಲಿಸುತ್ತಿದ್ದೆ. ಅಂದಿನಿಂದ ಪತ್ರದ ಮೇಲಿನ ಖಾಲಿ ಜಾಗ ನನ್ನಿಂದ ನೋಡಲಾಗುವುದಿಲ್ಲ. ಅಂಥ ಪತ್ರವನ್ನು ಹಬ್ಬದ ಸೀರೆಗೆ ಕಳಿಸುವುದೇ?

ಬಸವರಾಜನಿಗೆ ಫೋನು ಮಾಡಿ ಕೇಳಬಹುದಿತ್ತು. ಆದರೆ ಅದಕ್ಕೆ ಮಾತಾಡಬೇಕಲ್ಲ! ಪುಟದಲ್ಲಿ ಹುಡುಕಿದೆ. 'ಎಲ್ಲ ಪತ್ರಗಳ ಮೇಲಿನ ಸಾಲು' ಎಂದು ಒಂದು ಖಾಲಿ ಚೌಕ ಸಿಕ್ಕಿತು. 'ಶ್ರೀ ಬನಶಂಕರಿ ಪ್ರಸನ್ನ' ಎಂದು ತುಂಬಿದೆ. ಒಪ್ಪಿಗೆ ಪತ್ರ ಬರೆದು ಗುಂಡಿ ಒತ್ತಿ ನೆಮ್ಮದಿಯಿಂದ ಊಟ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಸೋಲಾಪುರದ ವ್ಯವಸ್ಥಾಪಕರ ಫೋನು. ನಾನು ಹಾಲು ನೋಡಲು ಹೋದೆ. ಶಾಂತವ್ವ ಮಾತಾಡಿ ಬಂದಳು.

"ಕೀಲಿ ತಗದೈತಂತ, ಮುದ್ರಿ ಒಡದೈತಂತ! ದಾರ್ಯಾಗ ಯಾರೋ ಪತ್ರದಾಗ ಕೈ ಆಡಿಸ್ಯಾರ ಅಂತ ಕೆಂಪ ಅಕ್ಷರದಾಗ ತೋರಸ್ತೈತಂತ. ಅಕ್ಕಾ, ಇದು ರಬಕವಿ ಸಂಘದವ್ರ ಕೆಲಸ!"

ಅವಳ ನಾದಿನಿ ನಮಗೆ ಪೈಪೋಟಿ ಕೊಡುವ ಆ ಪಕ್ಕದೂರಿನ ಸಂಘದಲ್ಲಿದ್ದಳು. ಶಾಂತವ್ವ ಅಂದೇ ನಾದಿನಿಯೊಡನೆ ಮಾತು ಬಿಟ್ಟಳು.

ದಾರಿಯಲ್ಲಿ ವಿಘ್ನ ಎಂದ ಮೇಲೆ ಒಬ್ಬ ದೇವರು ಸಾಲದು ಎನಿಸಿತು. ಮೇಲಿನ ಸಾಲಿಗೆ ಗಣಪತಿಯನ್ನು ಸೇರಿಸಿ ಮತ್ತೆ ಕಳಿಸಿದೆ. ಮತ್ತೆ ಮುದ್ರೆ ಒಡೆಯಿತು. ಮಲ್ಲಯ್ಯನನ್ನು ಸೇರಿಸಿದೆ. ಒಡೆಯಿತು. ವೀರಭದ್ರನನ್ನೇ ಕಾವಲಿಗೆ ನಿಲ್ಲಿಸಿದೆ. ಅವನಿಂದಲೂ ಆಗಲಿಲ್ಲ!

ಬಸವರಾಜ ಫೋನಿನಲ್ಲಿ ಶಾಂತವ್ವನಿಗೆ ಹೇಳಿದ: "ಸೋಲಾಪುರದವ್ರ ಕೀಲಿ ಫೈಲ್ ಇನ್ನೊಮ್ಮಿ ಹಾಕಿ ನೋಡ್ರಿ." ನಾನು ಕನ್ನಡಕ ಒರೆಸಿಕೊಂಡು ಅತ್ಯಂತ ಜಾಗ್ರತೆಯಿಂದ ಹಾಕಿದೆ. ಈ ಸಲ ಪತ್ರ ಕಳಿಸಿದರೆ ಅವರಿಗೆ ಬೀಗವೇ ತೆರೆಯಲಿಲ್ಲ. ಇಲ್ಲಿ ನನಗೆ ಮಾತ್ರ ಸಲೀಸಾಗಿ ತೆರೆಯಿತು. ಅವರ ಬೀಗದ ಜಾಗದಲ್ಲಿ ನಾನು ನಮ್ಮ ಸಂಘದ ಬೀಗವನ್ನೇ ಜಡಿದಿದ್ದೆ!

ಶನಿವಾರ ಮಧ್ಯಾಹ್ನ ಬಸವರಾಜ ತಾನೇ ಬಂದ. ಬೀಗ ಸರಿಪಡಿಸಿದ. ತನ್ನ ಲ್ಯಾಪ್‌ಟಾಪಿನಿಂದ ಕಳಿಸಿದ, ಸರಿಯಾಗಿ ಹೋಯಿತು. ನನ್ನ ಪುಟದಿಂದ ಕಳಿಸಿದ, ಮುದ್ರೆ ಒಡೆಯಿತು. ಬೆವರು ಒರೆಸಿಕೊಂಡ.

"ನಾ ಕಳಿಸಿದ್ರ ಹೊಕ್ಕೈತಿ, ನಿಮ್ಮಿಂದ ಹೋದ್ರ ಒಡೀತೈತಿ. ಇದಕ್ಕೂ ಕೈಗುಣ ಐತೇನ್ರೀ ಅಕ್ಕಾರ?"

ಎರಡೂ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ.

"ಈ ದೇವ್ರೆಲ್ಲ ಎಲ್ಲಿಂದ ಬಂದ್ರು?"

ನಾನು ಒಲೆಯ ಕಡೆ ಹೊರಟೆ. ಶಾಂತವ್ವ ಸೆರಗು ಹಿಡಿದು ಕೂರಿಸಿದಳು.

"ಆ ಚೌಕ ಹಬ್ಬದ ಶುಭಾಶಯ ಹಾಕಾಕ ಇಟ್ಟಿದ್ನಿರೀ," ಎಂದ ಬಸವರಾಜ. "ಮುದ್ರಿ ಬಿದ್ದ ಮ್ಯಾಲ ಆ ಸಾಲು ಬಂದು ಕೂಡತೈತಿ. ಮುದ್ರಿ ಒತ್ತಿದಾಗ ಇಲ್ಲದ ಒಂದ ಅಕ್ಷರ ಆಮ್ಯಾಲ ಬಂದ್ರೂ, ಇದು ನಾ ನೋಡಿದ ಪತ್ರ ಅಲ್ಲ ಅಂತ ಅದು ಒಡಕೋತೈತಿ."

ಅಂದರೆ ದಾರಿಯಲ್ಲಿ ಕೈ ಆಡಿಸುತ್ತಿದ್ದ ಕಳ್ಳಿ ನಾನೇ. ದೇವರನ್ನು ಸೇರಿಸಿದಷ್ಟೂ ಸಲ ಮುದ್ರೆಯನ್ನು ಒಡೆದವಳೂ ನಾನೇ!

"ಅಯ್ಯ ನನ್ನ ಶಿವನ!" ಶಾಂತವ್ವ ಹಣೆ ಬಡಿದುಕೊಂಡಳು. "ನಮ್ಮ ನಾದಿನಿಗೆ ಏನಂತ ಹೇಳ್ಲಿ ಬೇ?"

ಅಷ್ಟರಲ್ಲಿ ಫೋನು ರಿಂಗಾಯಿತು. ಸೋಲಾಪುರ. ಶಾಂತವ್ವ ಅದನ್ನು ನನ್ನ ಕೈಗೇ ತುರುಕಿದಳು. ಕಿಟಕಿಯಾಚೆ ಮಗ್ಗಗಳು ಆ ಯಾರೂ ಉಡದ ಬಣ್ಣವನ್ನು ಟಕಟಕ ನೇಯುತ್ತಲೇ ಇದ್ದವು. ಹಲೋ ಎಂದೆ.

"ಅಧ್ಯಕ್ಷರೇನ್ರೀ? ಸಂಜಿ ಆಗಾಕ ಬಂತ್ರೀ. ಪತ್ರದಾಗ ಕೈ ಆಡಿಸಿದವ್ರು ಸಿಕ್ಕರೇನು?"

"ಸಿಕ್ಕಾರ್ರೀ. ನಾನ ರೀ."

"ಏನ್ ಸೇರಿಸಿದ್ರಿ?"

"ದೇವ್ರನ್ನ."

"ಎಷ್ಟ್ ಮಂದಿನ್ನ?"

ಹೇಳಿದೆ. ಅವರು ನಕ್ಕ ಸದ್ದು ಶಾಂತವ್ವನಿಗೂ ಕೇಳಿಸಿತು. "ಅಲ್ರೀ ತಾಯಿ, ಶ್ರೀ ಇಲ್ಲದ ಪತ್ರ ನಮ್ಮ ಸಾವುಕಾರ್ರೂ ಮುಟ್ಟಂಗಿಲ್ಲ. ಒಂದ ಫೋನ್ ಮಾಡಿ ಕೇಳೂದಲ್ಲೇನು? ಮುದ್ರಿ ಬೀಳೂಕಿಂತ ಮೊದ್ಲ ಪತ್ರದಾಗ ಬರೀರಿ, ಮುಗೀತು!"

ಶ್ರೀಕಾರವನ್ನು ಪತ್ರದೊಳಗೇ ಬರೆದೆ. ಗುಂಡಿ ಒತ್ತಿದೆ. ಚಹಾ ಆರುವುದರೊಳಗೆ ಉತ್ತರ ಬಂತು: ಮುದ್ರೆ ಸರಿಯಾಗಿದೆ, ಸೀರೆ ಕಳಿಸಿರಿ. ಶಾಂತವ್ವ ನಾದಿನಿಯೊಡನೆ ರಾಜಿ ಮಾಡಿಕೊಳ್ಳಲು ರಬಕವಿಗೆ ಹೋದಳು. ನಾನು ಸುಮ್ಮನೆ ಗೋಡೆಗೆ ಒರಗಿದೆ. ಒಂದು ಫೋನು ತಪ್ಪಿಸಲು ಇಷ್ಟೆಲ್ಲ ಮಾಡಿದೆ, ಕೊನೆಗೆ ಫೋನಿನಲ್ಲೇ ಮಾತಾಡಬೇಕಾಯಿತು.

ಬಸವರಾಜ ಹೋಗುವಾಗ ಆ ಚೌಕವನ್ನು ತೆಗೆದುಹಾಕಿದ. ಆ ಜಾಗದಲ್ಲಿ ದಪ್ಪ ಅಕ್ಷರಗಳಲ್ಲಿ 'ಅಕ್ಕಾರ, ಇಲ್ಲಿ ಏನೂ ಬರೀಬ್ಯಾಡ್ರಿ' ಎಂದು ಬರೆದುಹೋದ. ದಿನವೂ ನೋಡುತ್ತೇನೆ.

ಅದರ ಮೇಲೂ ಅವನು ಶ್ರೀ ಬರೆದಿಲ್ಲ, ಮಹಾರಾಯ.